ಓದುಗರ ಪ್ರಶ್ನೆ: ಯುದ್ಧ ಅಲ್ಲಿ, ಮೈಕು ಇಲ್ಲಿ

ಹೋದ ಸಂಚಿಕೆಯಲ್ಲಿ ಒಬ್ಬರು, ‘ನಮ್ಮ ಪಕ್ಷಗಳಿಗೆ ವಿದೇಶಾಂಗ ನೀತಿ ಅಂತ ಏನಾದರೂ ಇದೆಯೇ?’ ಎಂದು ಕೇಳಿದ್ದರು. ‘ಎರಡೆರಡಿವೆ. ಅಧಿಕಾರದಲ್ಲಿದ್ದಾಗ ಒಂದು, ಇಲ್ಲದಾಗ ಇನ್ನೊಂದು’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅಷ್ಟಕ್ಕೆ ಬಿಡುವ ಓದುಗರಲ್ಲ ನೀವು. ಬೈದು ಬರೆದವರಿದ್ದಾರೆ, ಪುರಾವೆ ಕೇಳಿದವರಿದ್ದಾರೆ, ‘ದಿಲ್ಲಿಯಲ್ಲಿ ವರದಿಗಾರರಾಗಿದ್ದವರು ಒಂದು ಸಾಲಿನಲ್ಲಿ ಮುಗಿಸಿದರೆ ಹೇಗೆ ಸ್ವಾಮಿ’ ಎಂದು ಕೆಣಕಿದವರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಈ ಸಲದ ಪುಟ.

ಪ್ರಶ್ನೆ: 2024ರ ಚುನಾವಣೆ ಹೊತ್ತಿನಲ್ಲಿ ಟಿವಿ ಹಾಕಿದರೆ ಸಾಕು, ‘ವಾರ್ ರುಕ್ವಾ ದೀ ಪಾಪಾ’ ಜಾಹೀರಾತು. ನಮ್ಮ ಜಿಲ್ಲೆಯ ಹುಡುಗ ಅದೇ ಉಕ್ರೇನ್ ಯುದ್ಧದಲ್ಲಿ ಸತ್ತ. ಯುದ್ಧ ನಿಲ್ಲಿಸಿದ್ದು ನಿಜವೋ ಸುಳ್ಳೋ? (ಬೀಜದಂಗಡಿಯವರು, ರಾಣೆಬೆನ್ನೂರು)

ಯುದ್ಧ ನಿಲ್ಲಲಿಲ್ಲ. ಬಸ್ಸು ಹೊರಟದ್ದು ನಿಜ.

ಬಿಜೆಪಿಯ ಆ ಜಾಹೀರಾತನ್ನು ನೆನಪಿಸಿಕೊಳ್ಳಿ. ವಿಮಾನ ನಿಲ್ದಾಣ, ಕಣ್ಣೀರು ತುಂಬಿಕೊಂಡು ಬರುವ ಮಗಳು. ಎಂಥ ಪರಿಸ್ಥಿತಿ ಇದ್ದರೂ ಮೋದೀಜಿ ಮನೆಗೆ ಕರೆತರುತ್ತಾರೆ ಅಂದಿದ್ದೆನಲ್ಲ ಅನ್ನುತ್ತಾಳೆ. ಆಮೇಲೆ ಆ ಸಾಲು: ಯುದ್ಧ ನಿಲ್ಲಿಸಿಬಿಟ್ಟರು ಅಪ್ಪಾ, ಆಮೇಲೆ ನಮ್ಮ ಬಸ್ಸು ಹೊರಡಿಸಿದರು. ಈಗ 2022ರ ಮಾರ್ಚ್ 3ಕ್ಕೆ ಬನ್ನಿ. ಭಾರತೀಯರಿಗಾಗಿ ರಷ್ಯಾ ಹಾರ್ಕಿವ್‌ನಲ್ಲಿ ಆರು ಗಂಟೆ ದಾಳಿ ನಿಲ್ಲಿಸಿದೆ ಎಂಬ ಸುದ್ದಿ ಮೊಬೈಲಿಂದ ಮೊಬೈಲಿಗೆ ಓಡುತ್ತಿತ್ತು. ವಿದೇಶಾಂಗ ಸಚಿವಾಲಯದ ಅಂದಿನ ವಕ್ತಾರ ಅರಿಂದಮ್ ಬಾಗ್ಚಿ ಪತ್ರಕರ್ತರ ಮುಂದೆಯೇ ಅದನ್ನು ತಳ್ಳಿಹಾಕಿದರು. ಯಾರೋ ಬಾಂಬು ಹಾಕುವುದನ್ನು ತಡೆಹಿಡಿದಿದ್ದಾರೆ, ನಾವದನ್ನು ಹೊಂದಿಸುತ್ತಿದ್ದೇವೆ ಎನ್ನುವುದು ಪೂರ್ತಿ ತಪ್ಪು ಎಂದರು. ನಾಲ್ಕು ದಿನ ಕಳೆದು ಪ್ರಧಾನಿ ಪುಟಿನ್ ಜತೆಗೂ ಝೆಲೆನ್‌ಸ್ಕಿ ಜತೆಗೂ ಫೋನಿನಲ್ಲಿ ಮಾತಾಡಿದರು. ಮಾರ್ಚ್ 8ರಂದು ಸುಮಿ ನಗರದಲ್ಲಿ ಸಿಕ್ಕಿಕೊಂಡಿದ್ದ 694 ವಿದ್ಯಾರ್ಥಿಗಳು ಬಸ್ಸು ಹತ್ತಿದರು. ದಾರಿ ಬಿಡಿಸಿಕೊಂಡದ್ದು ಸಣ್ಣ ಕೆಲಸವೇನಲ್ಲ. ‘ಆಪರೇಷನ್ ಗಂಗಾ’ದಲ್ಲಿ ಒಟ್ಟು 22,500 ಜನ ವಾಪಸಾದರು. ಸಚಿವಾಲಯ ಅಳೆದು ತೂಗಿ ಹೇಳಿದ ಮಾತನ್ನೇ ಪಕ್ಷ ಎರಡು ವರ್ಷ ಬಿಟ್ಟು ಉಬ್ಬಿಸಿ ಮಾರಿತು.

ನಿಮ್ಮ ಜಿಲ್ಲೆಯ ಆ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡದ್ದು ಮಾರ್ಚ್ 1ರಂದು, ಹಾರ್ಕಿವ್‌ನಲ್ಲಿ, ಊಟದ ಸಾಮಾನು ತರಲು ಹೋದಾಗ. ದೇಹ ಬೆಂಗಳೂರಿಗೆ ಬಂದದ್ದು 21ಕ್ಕೆ. ನಡುವಿನ ಆ ಮೂರು ವಾರ ನಮ್ಮ ರಾಜಕಾರಣಿಗಳು ಆಡಿದ್ದನ್ನು ಹಳೆಯ ಪತ್ರಿಕೆ ತೆಗೆದು ನೋಡಿ. ಶೆಲ್ ಹಾಕಿದವರು ಯಾರು, ಯಾಕೆ ಹಾಕಿದರು ಎಂಬುದರ ಬಗ್ಗೆ ಒಂದು ಸಾಲೂ ಸಿಗುವುದು ಕಷ್ಟ. ವಿದೇಶದಲ್ಲಿ ವೈದ್ಯಕೀಯ ಓದಿದವರಲ್ಲಿ ಶೇ 90ರಷ್ಟು ಮಂದಿ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ನಪಾಸಾಗುತ್ತಾರೆ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಅದೇ ಹೊತ್ತಿನಲ್ಲಿ ಹೇಳಿ ಬೈಸಿಕೊಂಡರು. ವಿರೋಧ ಪಕ್ಷಗಳು ನೀಟ್ ಪರೀಕ್ಷೆಯ ಜುಟ್ಟು ಹಿಡಿದವು. ಉಕ್ರೇನಿನ ಯುದ್ಧ ಎರಡೇ ದಿನದಲ್ಲಿ ಕರ್ನಾಟಕದ ಮೆಡಿಕಲ್ ಸೀಟಿನ ಜಗಳವಾಯಿತು. ಸೀಟಿನ ಪ್ರಶ್ನೆಯೂ ದೊಡ್ಡದೇ, ಬೇಡ ಅನ್ನುವುದಿಲ್ಲ. ಆದರೆ ಒಂದು ದೇಶ ಇನ್ನೊಂದರ ಗಡಿ ದಾಟಿ ನುಗ್ಗಿದ್ದು ಸರಿಯೇ ಎಂದು ನಮ್ಮ ಯಾವ ದೊಡ್ಡ ಪಕ್ಷವೂ ಗಟ್ಟಿಯಾಗಿ ಕೇಳಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿ ಇದನ್ನೇ ಕೇಳಿದಾಗ ರಾಹುಲ್ ಗಾಂಧಿ, ಈ ವಿಚಾರದಲ್ಲಿ ಸರ್ಕಾರದ ನಿಲುವಿಗೆ ವಿರೋಧ ಪಕ್ಷದ ಒಪ್ಪಿಗೆಯಿದೆ ಎಂದರು. ಸೇನೆಯ ಉಪಕರಣಗಳಲ್ಲಿ ಬಹುಪಾಲು ರಷ್ಯಾ ಮೂಲದ್ದು ಎಂಬುದು ಎರಡೂ ಕಡೆಯವರಿಗೆ ಗೊತ್ತು.

ಪ್ರಶ್ನೆ: ಕಾಂಗ್ರೆಸ್ ಅಂದರೆ ಪ್ಯಾಲೆಸ್ಟೀನ್, ಬಿಜೆಪಿ ಅಂದರೆ ಇಸ್ರೇಲ್. ಇದು ಮೊದಲಿಂದಲೂ ಹೀಗೆಯೇ? (ನಿವೃತ್ತ ಶಿಕ್ಷಕಿ, ಪುತ್ತೂರು)

ಇಲ್ಲ ಮೇಡಂ. ಇದರಷ್ಟು ತಿರುವುಮುರುವು ಇನ್ನೊಂದಿಲ್ಲ.

1977ರಲ್ಲಿ ಜನತಾ ಪಕ್ಷ ಗೆದ್ದಾಗ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ವಾಜಪೇಯಿ ಭಾಷಣ ಮಾಡಿದರು. ಜನಸಂಘದವರು ಸರ್ಕಾರದಲ್ಲಿರುವುದರಿಂದ ಇನ್ನು ಭಾರತ ಇಸ್ರೇಲ್ ಕಡೆಗೆ ವಾಲುತ್ತದೆ ಎಂಬ ಗುಸುಗುಸು ಇತ್ತು. ಅದಕ್ಕೆ ಉತ್ತರವಾಗಿ, ಅರಬ್ಬರ ಯಾವ ನೆಲವನ್ನು ಇಸ್ರೇಲ್ ಹಿಡಿದು ಕೂತಿದೆಯೋ ಅದನ್ನು ಬಿಡಲೇಬೇಕು ಎಂದರು. 2023ರ ಅಕ್ಟೋಬರಿನಲ್ಲಿ ಆ ವಿಡಿಯೊ ಮತ್ತೆ ಎಲ್ಲರ ಮೊಬೈಲಿಗೂ ಬಂತು, ನಿಮಗೂ ಬಂದಿರಬೇಕು. ವಿಡಿಯೊ ಹಂಚಿದವರು ಹೇಳದ ಸಂಗತಿ ಒಂದಿದೆ. ಅದೇ ಸರ್ಕಾರ ಅದೇ ವರ್ಷದ ಆಗಸ್ಟಿನಲ್ಲಿ ಇಸ್ರೇಲಿನ ವಿದೇಶಾಂಗ ಸಚಿವ ಮೋಶೆ ದಯಾನ್‌ರನ್ನು ಗುಟ್ಟಾಗಿ ದಿಲ್ಲಿಗೆ ಕರೆಸಿಕೊಂಡಿತ್ತು. ಮೈದಾನದಲ್ಲಿ ಅರಬ್ಬರು, ಹಿಂಬಾಗಿಲಲ್ಲಿ ದಯಾನ್.

ಆ ಹಿಂಬಾಗಿಲನ್ನು ಮುಂಬಾಗಿಲು ಮಾಡಿದ್ದು ಬಿಜೆಪಿಯಲ್ಲ, ನರಸಿಂಹರಾವ್. 1992ರ ಜನವರಿಯಲ್ಲಿ ಯಾಸರ್ ಅರಾಫತ್ ದಿಲ್ಲಿಗೆ ಬಂದು ಹೋದರು. ತಿಂಗಳು ಮುಗಿಯುವಷ್ಟರಲ್ಲಿ ಕಾಂಗ್ರೆಸ್ ಸರ್ಕಾರ ಇಸ್ರೇಲ್ ಜತೆ ಪೂರ್ಣ ರಾಜತಾಂತ್ರಿಕ ಸಂಬಂಧ ಘೋಷಿಸಿತು. ಸೋವಿಯತ್ ಒಕ್ಕೂಟ ಆಗಷ್ಟೇ ಕಳಚಿಬಿದ್ದಿತ್ತು, ಖಜಾನೆ ಬರಿದಾಗಿತ್ತು, ಅಮೆರಿಕದ ಬಾಗಿಲು ತಟ್ಟಬೇಕಿತ್ತು. ಮುಂದೆ ಮನಮೋಹನ ಸಿಂಗ್ ಅವರ ಹತ್ತು ವರ್ಷದಲ್ಲಿ ಇಸ್ರೇಲಿನಿಂದ ಕ್ಷಿಪಣಿ, ರಾಡಾರ್ ಖರೀದಿ ಸರಾಗವಾಗಿ ನಡೆಯಿತು. ಆಗ ಕಾಂಗ್ರೆಸ್ಸಿನ ಯಾವ ಸಭೆಯಲ್ಲೂ ಅದರ ಮಾತು ಬರುತ್ತಿರಲಿಲ್ಲ.

ಇನ್ನು 2014ರ ಜುಲೈ. ಗಾಜಾ ಮೇಲೆ ದಾಳಿ ನಡೆಯುತ್ತಿತ್ತು. ರಾಜ್ಯಸಭೆಯಲ್ಲಿ ಚರ್ಚೆ ಆಗಬೇಕೆಂದು ವಿರೋಧ ಪಕ್ಷಗಳ ಪಟ್ಟು. ಎರಡೂ ದೇಶಗಳು ನಮಗೆ ಬೇಕಾದವು, ಚರ್ಚೆಯೇ ಬೇಡ ಎಂದು ಸುಷ್ಮಾ ಸ್ವರಾಜ್. ಕೊನೆಗೆ ಚರ್ಚೆ ಆಯಿತು, ನಿರ್ಣಯ ಆಗಲಿಲ್ಲ. ಎರಡು ದಿನ ಬಿಟ್ಟು ಜಿನೀವಾದ ಮಾನವ ಹಕ್ಕು ಮಂಡಳಿಯಲ್ಲಿ ಇಸ್ರೇಲ್ ವಿರುದ್ಧ ತನಿಖೆಯಾಗಬೇಕೆಂಬ ಗೊತ್ತುವಳಿಗೆ ಇದೇ ಮೋದಿ ಸರ್ಕಾರ ‘ಹೌದು’ ಎಂದು ಮತ ಹಾಕಿತು! ಸಂಸತ್ತಿನಲ್ಲಿ ಆಡಲಾಗದ್ದನ್ನು ಜಿನೀವಾದಲ್ಲಿ ಕೈಯೆತ್ತಿ ಹೇಳಿತು.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಾದ ದಿನವೇ ಪ್ರಧಾನಿ ಇಸ್ರೇಲ್ ಜತೆಗಿದ್ದೇವೆ ಎಂದರು. ಎರಡು ದಿನದಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಪ್ಯಾಲೆಸ್ಟೀನ್ ಜನರ ನೆಲದ ಹಕ್ಕಿನ ಪರ ನಿರ್ಣಯ ಮಾಡಿತು. ಅದೇ ತಿಂಗಳು ಕಾಂಗ್ರೆಸ್ಸೇ ಆಳುತ್ತಿದ್ದ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ಯಾಲೆಸ್ಟೀನ್ ಪರ ಫಲಕ ಹಿಡಿದು ನಿಂತವರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನೊಳಗೆ ಎಂಬುದು ನಿಯಮ. ನಿಯಮ ಸರಿ ಇರಬಹುದು. ಆದರೂ ದಿಲ್ಲಿಯ ನಿರ್ಣಯ ಬೆಂಗಳೂರಿನ ಠಾಣೆಯವರೆಗೂ ಬಂದು ಮುಟ್ಟಲಿಲ್ಲ.

ವಿಶ್ವಸಂಸ್ಥೆಯಲ್ಲಿ ನಮ್ಮ ಮತದ ಲೆಕ್ಕ ನೋಡಿ: ಕದನ ವಿರಾಮದ ಗೊತ್ತುವಳಿಗೆ 2023ರ ಅಕ್ಟೋಬರಿನಲ್ಲಿ ಗೈರು, ಡಿಸೆಂಬರಿನಲ್ಲಿ ಪರ, 2025ರ ಜೂನಿನಲ್ಲಿ ಮತ್ತೆ ಗೈರು, ಸೆಪ್ಟೆಂಬರಿನಲ್ಲಿ ಎರಡು ರಾಷ್ಟ್ರಗಳ ಪರಿಹಾರದ ಘೋಷಣೆಗೆ ಪರ. ಇದರಲ್ಲಿ ನಿಮಗೆ ಬಿಜೆಪಿಯ ಟಿವಿ ಚರ್ಚೆಯ ಅಬ್ಬರವೂ ಕಾಣುವುದಿಲ್ಲ, ಪ್ರಿಯಾಂಕಾ ಗಾಂಧಿ ಸಂಸತ್ತಿಗೆ ಹಿಡಿದು ತಂದ ‘ಪ್ಯಾಲೆಸ್ಟೀನ್’ ಚೀಲವೂ ಕಾಣುವುದಿಲ್ಲ. ಪಕ್ಷಗಳು ಮಾತಾಡುವುದು ಗಾಜಾದವರ ಜತೆ ಅಲ್ಲ, ನಿಮ್ಮ ಪುತ್ತೂರಿನವರ ಜತೆ. ಅಲ್ಲಿ ಯಾರಿಗೆ ಯಾವ ಮಾತು ಕೇಳಿಸಿದರೆ ಏನಾಗುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ಮಾಸ್ಕೋದಲ್ಲಿ ಮಳೆ ಬಂದರೆ ಇಲ್ಲಿ ಕೊಡೆ ಬಿಚ್ಚುವವರು ಎಂದು ಕಮ್ಯುನಿಸ್ಟರನ್ನು ಹಂಗಿಸುತ್ತಾರೆ. ನೀವೇನನ್ನುತ್ತೀರಿ? (ಬ್ಯಾಂಕ್ ನೌಕರ, ದಾವಣಗೆರೆ)

ಕೊಡೆ ಬಿಚ್ಚಿದವರು ಅವರೊಬ್ಬರೇ ಅಲ್ಲ ಅನ್ನುತ್ತೇನೆ. 1956ರಲ್ಲಿ ಸೂಯೆಜ್ ಮೇಲೆ ಬ್ರಿಟನ್, ಫ್ರಾನ್ಸ್ ಬಿದ್ದಾಗ ನೆಹರೂ ಸಿಡಿದೆದ್ದರು. ಅದೇ ವಾರ ಹಂಗೆರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ತಡವರಿಸಿದರು. ಹಂಗೆರಿಯಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ಆಗಲಿ ಎಂಬ ಗೊತ್ತುವಳಿಗೆ ಕೃಷ್ಣ ಮೆನನ್ ಭಾರತದ ಪರವಾಗಿ ‘ಬೇಡ’ ಎಂದು ಮತ ಹಾಕಿದರು. ಜಯಪ್ರಕಾಶ ನಾರಾಯಣ್ ಬಹಿರಂಗವಾಗಿಯೇ ನೆಹರೂ ಅವರನ್ನು ತರಾಟೆಗೆ ತೆಗೆದುಕೊಂಡರು. 1968ರಲ್ಲಿ ಝೆಕೊಸ್ಲೊವಾಕಿಯದ ಸರದಿ. ಭದ್ರತಾ ಮಂಡಳಿಯಲ್ಲಿ ಭಾರತ ಗೈರು. ಇಂದಿರಾ ಸಂಪುಟದ ಪೆಟ್ರೋಲಿಯಂ ಸಚಿವ ಅಶೋಕ್ ಮೆಹ್ತಾ ಅದನ್ನು ಒಪ್ಪದೆ ರಾಜೀನಾಮೆ ಕೊಟ್ಟು ಮನೆಗೆ ಹೋದರು. ದೂರದ ದೇಶವೊಂದರ ಸಲುವಾಗಿ ನಮ್ಮಲ್ಲಿ ಮಂತ್ರಿಗಿರಿ ಬಿಟ್ಟವರು ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ. ಇಂಥವರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿರುವುದಿಲ್ಲ.

1980ರ ಜನವರಿಯಲ್ಲಿ ಅಫ್ಗಾನಿಸ್ತಾನದ ಮೇಲೆ ಸೋವಿಯತ್ ದಂಡೆತ್ತಿದ್ದನ್ನು ವಿಶ್ವಸಂಸ್ಥೆಯಲ್ಲಿ ಮೆತ್ತಗೆ ಸಮರ್ಥಿಸಿದಂತೆ ಮಾತಾಡಿದ ನಮ್ಮ ಪ್ರತಿನಿಧಿ ಬ್ರಜೇಶ್ ಮಿಶ್ರಾ. ಬರೆದು ಕಳಿಸಿದ್ದು ಆಗಷ್ಟೇ ಗೆದ್ದ ಇಂದಿರಾ ಕಡೆಯವರು. ಇದೇ ಮಿಶ್ರಾ ಮುಂದೆ ವಾಜಪೇಯಿಯವರ ಬಲಗೈಯಾದರು, ಅಮೆರಿಕದ ಜತೆ ನಂಟು ಬೆಳೆಸಿದರು.

ಕಮ್ಯುನಿಸ್ಟರ ವಿಷಯಕ್ಕೆ ಬರುತ್ತೇನೆ. ಅವರ ಕಣ್ಣಿಗೆ ಅಮೆರಿಕದ ತಪ್ಪು ಕಂಡಷ್ಟು ಬೇಗ ಮಾಸ್ಕೋ, ಬೀಜಿಂಗಿನದು ಕಾಣುವುದಿಲ್ಲ. ಉಕ್ರೇನ್ ದಾಳಿ ‘ದುರದೃಷ್ಟಕರ’ ಎಂದು ಮುಗಿಸಿ ನೇಟೊ ವಿಸ್ತರಣೆಯ ಮೇಲೆ ಪುಟ ತುಂಬಿಸಿದ್ದೂ ಹೌದು. ಆದರೆ ಮಾತಿಗೆ ಬೆಲೆ ತೆತ್ತವರೂ ಅವರೇ. ಚೀನಾ ಯುದ್ಧದ ಬಿರುಕು ಉಳಿದು 1964ರಲ್ಲಿ ಪಕ್ಷವೇ ಒಡೆಯಿತು. 2008ರಲ್ಲಿ ಅಮೆರಿಕದ ಜತೆಗಿನ ಅಣು ಒಪ್ಪಂದ ವಿರೋಧಿಸಿ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂತೆಗೆದರು. ಜುಲೈ 22ರ ವಿಶ್ವಾಸಮತದಲ್ಲಿ 275ಕ್ಕೆ 256. ಆ ದಿನ ಬಿಜೆಪಿಯೂ ಒಪ್ಪಂದದ ವಿರುದ್ಧವೇ ನಿಂತಿತ್ತು, ಅಮೆರಿಕದ ಜತೆ ಆ ದಾರಿ ಶುರು ಮಾಡಿದ್ದೇ ವಾಜಪೇಯಿ ಸರ್ಕಾರವಾದರೂ. ಬೆಂಗಳೂರು ಉತ್ತರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ವಿಪ್ ಮೀರಿ ಸರ್ಕಾರದ ಪರ ಮತ ಹಾಕಿ ಉಚ್ಚಾಟನೆಗೊಂಡರು. 2015ರ ಜನವರಿಯಲ್ಲಿ ಮೋದಿ ಮತ್ತು ಒಬಾಮ ಹೈದರಾಬಾದ್ ಹೌಸಿನ ಹುಲ್ಲುಹಾಸಿನ ಮೇಲೆ ಚಹಾ ಕುಡಿದು ಅದೇ ಒಪ್ಪಂದದ ತೊಡಕು ಬಿಡಿಸಿದೆವೆಂದಾಗ ನನಗೆ ಸಾಂಗ್ಲಿಯಾನ ನೆನಪಾದರು.

ಪ್ರಶ್ನೆ: ಯುದ್ಧ, ಒಪ್ಪಂದಗಳ ಬಗ್ಗೆ ಸಂಸತ್ತಿನ ಒಪ್ಪಿಗೆ ಬೇಡವೇ? (ಕಾನೂನು ವಿದ್ಯಾರ್ಥಿನಿ, ಕಲಬುರಗಿ)

ಬೇಡ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14 ಮತ್ತು 15ನೇ ನಮೂದು ನೋಡಿ, ಒಪ್ಪಂದವೂ ಯುದ್ಧ-ಶಾಂತಿಯೂ ಅಲ್ಲಿವೆ. ಒಪ್ಪಂದ ಜಾರಿಗೆ ಕಾನೂನು ಬೇಕಿದ್ದರೆ 253ನೇ ವಿಧಿಯಡಿ ಸಂಸತ್ತು ಮಾಡಬಹುದು. ಆದರೆ ಸಹಿ ಹಾಕುವ ಮುನ್ನ ಸಂಸತ್ತನ್ನು ಕೇಳಲೇಬೇಕು ಎಂಬ ಕಾನೂನನ್ನು ಯಾವ ಪಕ್ಷವೂ ತರಲಿಲ್ಲ. ಇದನ್ನು ನೀವು ಚೆನ್ನಾಗಿ ಗಮನಿಸಬೇಕು. ಮತ ಹಾಕುವ ಹೊಣೆ ಇಲ್ಲದ ಕಡೆ ಮಾತಿಗೆ ಲಗಾಮಿರುವುದಿಲ್ಲ.

ನಾನು ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. 2003ರ ಮಾರ್ಚ್ 20ಕ್ಕೆ ಇರಾಕ್ ಯುದ್ಧ ಶುರುವಾಯಿತು. ಅದನ್ನು ಖಂಡಿಸುವ ನಿರ್ಣಯ ಎಷ್ಟು ಖಾರ ಇರಬೇಕು ಎಂಬ ಜಗ್ಗಾಟದಲ್ಲಿ ವಾರಗಳು ಕಳೆದವು. ವಿರೋಧ ಪಕ್ಷಕ್ಕೆ ಮೆಣಸು ಹೆಚ್ಚು ಬೇಕು, ಸರ್ಕಾರಕ್ಕೆ ಕಡಿಮೆ. ಕೊನೆಗೆ ಏಪ್ರಿಲ್ 8ರಂದು ಲೋಕಸಭೆ ಸರ್ವಾನುಮತದಿಂದ ಒಪ್ಪಿತು. ಮರುದಿನ ಬಾಗ್ದಾದಿನಲ್ಲಿ ಸದ್ದಾಂ ಪ್ರತಿಮೆಯೇ ಉರುಳಿತು! ಗ್ಯಾಲರಿಯಲ್ಲಿ ನಾವು ನಕ್ಕಿದ್ದೆವು. ಆದರೆ ಮೂರು ತಿಂಗಳ ಮೇಲೆ ಅಮೆರಿಕ ನಮ್ಮ ಸೈನಿಕರನ್ನು ಇರಾಕಿಗೆ ಕಳಿಸಿ ಎಂದು ಒತ್ತಾಯಿಸಿದಾಗ, ಜುಲೈ 14ರಂದು ವಾಜಪೇಯಿ ಸಂಪುಟದ ಭದ್ರತಾ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದಿತು. ನನ್ನ ಲೆಕ್ಕದಲ್ಲಿ ಏಪ್ರಿಲ್‌ನ ಆ ನಿರ್ಣಯ, ಕಾಂಗ್ರೆಸ್ ಮತ್ತು ಎಡಪಕ್ಷಗಳ ಗದ್ದಲ ವಾಜಪೇಯಿಗೆ ಬೇಕಾಗಿಯೇ ಇತ್ತು. ಬುಷ್‌ಗೆ ‘ನಾನು ಒಲ್ಲೆ’ ಅನ್ನುವುದಕ್ಕಿಂತ ‘ನಮ್ಮ ಸಂಸತ್ತು ಒಪ್ಪುವುದಿಲ್ಲ’ ಅನ್ನುವುದು ಸುಲಭ. ಈಗಿನ ಸರ್ಕಾರಕ್ಕೆ ಅಂಥ ನೆಪ ಬೇಕಾದಾಗ ಸಂಸತ್ತು ಕೈಗೆ ಸಿಗುತ್ತದೆಯೇ ಎಂಬುದು ನನ್ನ ಚಿಂತೆ.

ಪ್ರಶ್ನೆ: ವಿದೇಶದ ಯುದ್ಧದ ಮಾತಿಗೆ ನಮ್ಮಲ್ಲಿ ಯಾವುದಾದರೂ ಸರ್ಕಾರ ಬಿದ್ದಿದೆಯೇ? (ಹೆಸರು ಬರೆದಿಲ್ಲ, ಅಂಚೆ ಮುದ್ರೆ ಶಿರಸಿ)

ಹತ್ತಿರ ಬಂದದ್ದುಂಟು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನಾ ವಿಮಾನಗಳು ಮುಂಬೈ, ಮದ್ರಾಸ್, ಆಗ್ರಾಗಳಲ್ಲಿ ಇಳಿದು ಇಂಧನ ತುಂಬಿಕೊಳ್ಳಲು ಚಂದ್ರಶೇಖರ್ ಸರ್ಕಾರ ಬಿಟ್ಟಿತ್ತು. ಹೊರಗಿಂದ ಬೆಂಬಲ ಕೊಟ್ಟಿದ್ದ ರಾಜೀವ್ ಗಾಂಧಿ ಗುಡುಗಿದರು, ಫೆಬ್ರುವರಿಯಲ್ಲಿ ಅದು ನಿಂತಿತು. ಸರ್ಕಾರ ಬಿದ್ದದ್ದು ಮಾರ್ಚಿನಲ್ಲಿ, ಹರಿಯಾಣದ ಇಬ್ಬರು ಪೊಲೀಸರು ರಾಜೀವ್ ಮನೆ ಮುಂದೆ ಸುಳಿದಾಡಿದರು ಎಂಬ ಕಾರಣಕ್ಕೆ.

ಪ್ರಶ್ನೆ: ತಮಿಳುನಾಡಿನ ಪಕ್ಷಗಳು ಶ್ರೀಲಂಕಾ ಬಗ್ಗೆ ದಿಲ್ಲಿಯನ್ನೇ ಅಲುಗಾಡಿಸುತ್ತವೆ. ಕನ್ನಡಿಗರ ಮಾತಿಗೆ ಇಂಥ ತೂಕ ಯಾವಾಗ? (ರೈತ, ಚನ್ನರಾಯಪಟ್ಟಣ)

ನಿಮ್ಮ ಹಾಸನದವರೇ ಪ್ರಧಾನಿಯಾಗಿದ್ದರಲ್ಲ! 1996ರಲ್ಲಿ ಅಣು ಪರೀಕ್ಷೆ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿ ಎಂದು ಇಡೀ ಜಗತ್ತು ಭಾರತದ ಮೇಲೆ ಮುಗಿಬಿದ್ದಿತ್ತು. ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಆಗದು ಎಂದಾಗ ಬೆನ್ನಿಗಿದ್ದದ್ದು ದೇವೇಗೌಡರ ಸರ್ಕಾರ. ಹದಿಮೂರು ಪಕ್ಷಗಳ ಕಲಸುಮೇಲೋಗರ ಎಂದು ಎಲ್ಲರೂ ನಗುತ್ತಿದ್ದ ಕೂಟ ಅದು, ಆದರೂ ಆ ವಿಷಯದಲ್ಲಿ ಒಂದು ಒಡಕು ಮಾತು ಕೇಳಲಿಲ್ಲ. ಅದೇ ಡಿಸೆಂಬರಿನಲ್ಲಿ ಶೇಖ್ ಹಸೀನಾ ಜತೆ ಗಂಗಾ ನೀರಿನ ಒಪ್ಪಂದಕ್ಕೆ ಗೌಡರು ಸಹಿ ಹಾಕಿದರು. ಅದಕ್ಕೂ ಹಿಂದೆ, 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್.

ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ, 2011ರಲ್ಲಿ, ಭದ್ರತಾ ಮಂಡಳಿಯಲ್ಲಿ ಪೋರ್ಚುಗಲ್ ಸಚಿವರ ಭಾಷಣದ ಹಾಳೆ ಓದಿದ್ದನ್ನು ಬಿಜೆಪಿಯವರು ಆಡಿಕೊಂಡು ನಕ್ಕರು. ಅಲ್ಲೇ ಇದ್ದು ತಿದ್ದಿದ ರಾಯಭಾರಿ ಹರದೀಪ್ ಪುರಿ ಈಗ ಬಿಜೆಪಿ ಸಚಿವರು. ಮುಂದಿನ ತಿಂಗಳೇ ಲಿಬಿಯಾ ಮೇಲೆ ಬಲಪ್ರಯೋಗಕ್ಕೆ ಅನುಮತಿ ಕೊಡುವ ನಿರ್ಣಯಕ್ಕೆ ಭಾರತ ಗೈರಾಯಿತು. ಉಕ್ರೇನ್ ವಿಷಯದಲ್ಲಿ ಈಗಿನವರು ಮಾಡಿದ್ದೂ ಅದನ್ನೇ.

ತಮಿಳುನಾಡಿನದು ಬೇರೆ ಕತೆ. ಸಮುದ್ರದಾಚೆ ಇರುವವರು ಅವರ ಭಾಷೆಯವರು. 1990ರಲ್ಲಿ ಲಂಕೆಯಿಂದ ವಾಪಸಾದ ಭಾರತದ ಶಾಂತಿ ಪಾಲನಾ ಪಡೆಯನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. 2009ರ ಏಪ್ರಿಲ್‌ನಲ್ಲಿ ಲಂಕೆಯ ಯುದ್ಧ ನಿಲ್ಲಲಿ ಎಂದು ಮರೀನಾ ತೀರದಲ್ಲಿ ಉಪವಾಸ ಕೂತು ಮಧ್ಯಾಹ್ನದೊಳಗೆ ಎದ್ದರು. 2013ರಲ್ಲಿ ಲಂಕೆಯ ತಮಿಳರ ವಿಷಯಕ್ಕೇ ಡಿಎಂಕೆ ಯುಪಿಎ ಬಿಟ್ಟಿತು. 1974ರಲ್ಲಿ ಲಂಕೆಗೆ ಹೋದ ಕಚ್ಚತೀವು ದ್ವೀಪವನ್ನು ಮೋದಿ 2024ರ ಚುನಾವಣೆಯ ಹೊಸ್ತಿಲಲ್ಲಿ ಕೆದಕಿದರು. ಮತ ಎಣಿಸಿದ ಮೇಲೆ ಆ ಗದ್ದಲ ತಣ್ಣಗಾಯಿತು. ಕನ್ನಡಿಗರಿಗೆ ಅಂಥ ನೆರೆಯಿಲ್ಲ. ನಮಗಿರುವುದು ಕೊಲ್ಲಿಯಲ್ಲಿ ದುಡಿಯುವ ಕರಾವಳಿಯವರು, ಅಮೆರಿಕದ ವೀಸಾ ಕಾಯುವ ಬೆಂಗಳೂರಿನವರು. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗ ನಮ್ಮ ಪಕ್ಷಗಳು ಎರಡು ದಿನ ಟ್ವೀಟ್ ಮಾಡಿ ಮತ್ತೆ ಜಾತಿ ಸಮೀಕ್ಷೆಗೆ ಮರಳಿದವು.

ಪ್ರಶ್ನೆ: 2025ರ ಮೇನಲ್ಲಿ ಸರ್ವಪಕ್ಷ ನಿಯೋಗಗಳು ದೇಶ ದೇಶ ಸುತ್ತಿದವು. ಒಗ್ಗಟ್ಟೋ ನಾಟಕವೋ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಎರಡೂ. ಆಪರೇಷನ್ ಸಿಂಧೂರದ ನಂತರ ಹೋದ ಏಳು ನಿಯೋಗಗಳಲ್ಲಿ ನಮ್ಮ ತೇಜಸ್ವಿ ಸೂರ್ಯ ಶಶಿ ತರೂರ್ ಹಿಂದೆ, ಮಂಗಳೂರಿನ ಬ್ರಿಜೇಶ್ ಚೌಟ ಕನಿಮೊಳಿ ಹಿಂದೆ. ಇಲ್ಲಿ ಟಿವಿಯಲ್ಲಿ ಎದುರುಬದುರು ಕಿರುಚುವವರು ಅಲ್ಲಿ ಒಂದೇ ಸಾಲಲ್ಲಿ ಕೂತರು. ಕಾಂಗ್ರೆಸ್ ಕೊಟ್ಟ ಹೆಸರುಗಳಲ್ಲಿ ಸಯ್ಯದ್ ನಾಸಿರ್ ಹುಸೇನ್ ಇದ್ದರು, ತರೂರ್ ಇರಲಿಲ್ಲ. ಸರ್ಕಾರ ತನಗೆ ಬೇಕಾದವರನ್ನು ಆರಿಸಿತು. ವಿಮಾನ ಇಳಿಯುವ ಮೊದಲೇ ಜಗಳ ಶುರು. 1994ರಲ್ಲಿ ನರಸಿಂಹರಾವ್ ವಿರೋಧ ಪಕ್ಷದ ನಾಯಕ ವಾಜಪೇಯಿಯನ್ನೇ ಕಾಶ್ಮೀರದ ವಿಷಯಕ್ಕೆ ಜಿನೀವಾಗೆ ಹೊರಟ ನಿಯೋಗದ ಮುಖ್ಯಸ್ಥರನ್ನಾಗಿ ಮಾಡಿ, ತಮ್ಮ ಸಚಿವ ಸಲ್ಮಾನ್ ಖುರ್ಷಿದ್ ಅವರನ್ನು ಅವರ ಕೈಕೆಳಗೆ ಕಳಿಸಿದ್ದರು. ಆಗ ಒಡಕು ಮೂಡಿಸಲು ಪಾಕಿಸ್ತಾನಕ್ಕೆ ಸಂದೇ ಸಿಗಲಿಲ್ಲ.

ಪ್ರಶ್ನೆ: ಮಗಳು ಹೊರದೇಶದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅಲ್ಲೂ ಯುದ್ಧದ ಸುದ್ದಿ. ಯಾವ ಪಕ್ಷದವರ ಮಾತು ನಂಬಲಿ? (ತಾಯಿ, ಗೌರಿಬಿದನೂರು)

ಯಾರದೂ ಬೇಡಮ್ಮ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಪ್ರಕಟಣೆ ಮಾತ್ರ ನೋಡಿ, ಮಗಳ ಪಾಸ್‌ಪೋರ್ಟ್ ಸಂಖ್ಯೆ ಮತ್ತು ಫೋನ್ ಅಲ್ಲಿ ನೋಂದಣಿಯಾಗಿದೆಯೇ ಕೇಳಿ. ಕೀವ್‌ನ ಕಚೇರಿ 2022ರ ಫೆಬ್ರುವರಿ 15ರಂದೇ, ಇರಲೇಬೇಕಾದ ಅಗತ್ಯವಿಲ್ಲದವರು ಸದ್ಯಕ್ಕೆ ಹೊರಡುವುದನ್ನು ಯೋಚಿಸಿ ಎಂದಿತ್ತು. ಯುದ್ಧ ಶುರುವಾದದ್ದು 24ಕ್ಕೆ. ಹಾಜರಾತಿ ಹೋಗುತ್ತದೆ, ಟಿಕೆಟ್ ದುಬಾರಿ ಎಂದು ಎಷ್ಟೋ ಮಕ್ಕಳು ಉಳಿದರು. ಅಂಥ ಪ್ರಕಟಣೆ ಬಂದರೆ ಹಾಜರಾತಿ ಹೋದರೆ ಹೋಗಲಿ, ಹೊರಟು ಬಾ ಅನ್ನಿ. ಟಿಕೆಟ್ಟಿನ ದುಡ್ಡು ಈಗಲೇ ಬೇರೆ ಎತ್ತಿಡಿ.